ಬಿಳಿಗಿರಿಯ ಕಾಡು ಮತ್ತು ಸೋಲಿಗರು

ಕೆಲವು ತಿಂಗಳ ಹಿಂದೆ ಇಲ್ಲಿ ಯಳಂದೂರಿನ ಜಹಗೀರಿನ ವಿಷಯವಾಗಿ ಬರೆದಿದ್ದೆ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಆ ಜಹಗೀರು ದೊರೆತ ಸಂದರ್ಭವನ್ನು ವಿವರಿಸಿದ್ದೆ. ಅದನ್ನು ಓದಿದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೀಗೆ ಬರೆದಿದ್ದಾನೆ: "ಸಾರ್, ಬೆಟ್ಟದ ಕೆಳಗಿನ ಊರಿನ ಚರಿತ್ರೆ ಹೇಳಿದಿರಿ, ಬೆಟ್ಟದ ಮೇಲಿನವರ ಚರಿತ್ರೆಯನ್ನು ಹೇಳಲಿಲ್ಲ. ಅದಿರಲಿ, ಕಾಡಿನಲ್ಲಿ ಜನರನ್ನು ಇಟ್ಟುಕೊಂಡು ಹುಲಿಯನ್ನು ಉಳಿಸುವುದು ಸಾಧ್ಯವೇ?" ಒಂದೇ ಪತ್ರದಲ್ಲಿ ಎರಡು ಮಾತು. ಮೊದಲನೆಯದು ಕೋರಿಕೆ, ಎರಡನೆಯದು ಸಂಶಯ. ತರಗತಿಯಲ್ಲಿಯೂ ಅವನು ಹೀಗೆಯೇ, ಪ್ರಶ್ನೆಯೊಳಗೊಂದು ಪ್ರಶ್ನೆಯನ್ನು ಅಡಗಿಸಿಟ್ಟು ಕೇಳುತ್ತಿದ್ದ. ಎರಡಕ್ಕೂ ಉತ್ತರ ಒಂದೇ ಚರಿತ್ರೆಯಲ್ಲಿ ಇರುವುದರಿಂದ ಅದನ್ನೇ ಇಲ್ಲಿ ಹೇಳಲು ಯತ್ನಿಸುತ್ತೇನೆ.

ಬಿಳಿಗಿರಿರಂಗನ ಬೆಟ್ಟವನ್ನು ನಮ್ಮಲ್ಲಿ ಬಹುಪಾಲು ಮಂದಿ ದೇವಸ್ಥಾನದ ಮೂಲಕವೇ ಬಲ್ಲರು. ಭೂಗೋಳದ ದೃಷ್ಟಿಯಿಂದ ನೋಡಿದರೆ ಅದು ಪಶ್ಚಿಮ ಘಟ್ಟಗಳನ್ನೂ ಪೂರ್ವ ಘಟ್ಟಗಳನ್ನೂ ಬೆಸೆಯುವ ಸೇತುವೆ. ಆದ್ದರಿಂದಲೇ ಒಂದೇ ಬೆಟ್ಟಸಾಲಿನಲ್ಲಿ ಕುರುಚಲು ಕಾಡು, ಎಲೆ ಉದುರುವ ಕಾಡು, ನಿತ್ಯಹರಿದ್ವರ್ಣದ ಕಾಡು, ಶೋಲೆ, ಹುಲ್ಲುಗಾವಲು ಎಲ್ಲವೂ ಕಾಣಸಿಗುತ್ತವೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಇದರ ಒಂದು ಮಗ್ಗುಲು ಮೈಸೂರು ಸೀಮೆಗೂ, ಕೊಳ್ಳೇಗಾಲದ ಕಡೆಯ ಮಗ್ಗುಲು ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೂ ಸೇರಿತ್ತು. ಗಡಿಯ ಗೆರೆಗಳು ಬದಲಾದರೂ ಎರಡೂ ಕಡೆ ವಾಸವಾಗಿದ್ದವರು ಒಂದೇ ಜನ. ಅವರೇ ಸೋಲಿಗರು.

ಸೋಲಿಗರ ನುಡಿ ಕನ್ನಡಕ್ಕೆ ಅತ್ಯಂತ ಸಮೀಪವಾದುದು. ಬಿದಿರಿನಿಂದ ಹುಟ್ಟಿದವರು ತಾವು ಎಂಬುದು ಅವರ ನಂಬಿಕೆ. ಬಿಳಿಗಿರಿರಂಗನು ಸೋಲಿಗರ ಕನ್ಯೆ ಕುಸುಮಾಲೆಯನ್ನು ವರಿಸಿದನೆಂಬ ಕಥೆಯಿರುವುದರಿಂದ ಅವರಿಗೆ ರಂಗನಾಥ ಕೇವಲ ದೇವರಲ್ಲ, ಭಾವ. ದೇವರನ್ನು ಬಂಧುತ್ವದಿಂದ ಕರೆಯುವ ಇಂತಹ ಸಲಿಗೆ ನಮ್ಮ ಅಗ್ರಹಾರಗಳಲ್ಲಿ ಹುಟ್ಟಲಾರದು. ಹುಲಿಯನ್ನೂ ಅವರು ಹುಲಿವೀರಪ್ಪನೆಂದು ಪೂಜಿಸುತ್ತಾರೆ. ಭಾರ್ಗವಿ ಹೊಳೆಯ ದಡದಲ್ಲಿರುವ ದೊಡ್ಡಸಂಪಿಗೆ ಎಂಬ ಮಹಾವೃಕ್ಷ ಅವರಿಗೆ ದೇವಾಲಯಕ್ಕೆ ಸಮಾನ.

ಹೊರಗಿನವರ ಬರವಣಿಗೆಯಲ್ಲಿ ಸೋಲಿಗರು ಕಾಣಿಸಿಕೊಳ್ಳುವುದು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ. ಟಿಪ್ಪುವಿನ ಪತನಾನಂತರ ಕಂಪನಿ ಸರ್ಕಾರದ ಆದೇಶದ ಮೇರೆಗೆ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಇವರ ಬಡ ಗುಡಿಸಲುಗಳನ್ನೂ ಬೆಂಕಿಯ ಸುತ್ತ ಮಲಗುವ ರೀತಿಯನ್ನೂ ವರ್ಣಿಸಿದ್ದಾನೆ. ಅವನ ಕಣ್ಣಿಗೆ ಬಿದ್ದದ್ದು ಬಡತನ ಮಾತ್ರ. ಆ ಗುಡಿಸಲಿನವರಿಗೆ ಏನು ಗೊತ್ತಿದೆ ಎಂದು ವಿಚಾರಿಸುವ ಗೋಜಿಗೆ ಅವನು ಹೋಗಲಿಲ್ಲ. 1870ರ ದಶಕದಲ್ಲಿ ಚಾಮರಾಜನಗರದ ಸೀಮೆಯಲ್ಲಿ ಆನೆಗಳನ್ನು ಖೆಡ್ಡಾಕ್ಕೆ ಕೆಡವಿದ ಜಿ. ಪಿ. ಸ್ಯಾಂಡರ್ಸನ್ನನಿಗೆ ಮಾತ್ರ ಇವರ ಬೆಲೆ ತಿಳಿದಿತ್ತು. ಆನೆಯ ಜಾಡು ಹಿಡಿಯುವುದಕ್ಕೆ ಸೋಲಿಗರಿಲ್ಲದೆ ಅವನಿಗೆ ಗತ್ಯಂತರವಿರಲಿಲ್ಲ. ಆ ಕಾಲದಲ್ಲಿ ಹೊರಗಿನಿಂದ ಬಂದ ಬೇಟೆಗಾರರ ಹೆಸರುಗಳು ಪುಸ್ತಕಗಳಲ್ಲಿ ಉಳಿದವು. ಮುಂದೆ ನಡೆದು ದಾರಿ ತೋರಿಸಿದವರ ಹೆಸರುಗಳು ಬಹುಮಟ್ಟಿಗೆ ಉಳಿಯಲಿಲ್ಲ. ಒಟ್ಟಿನಲ್ಲಿ ಕಾಡಿನ ಜ್ಞಾನಕ್ಕಾಗಿ ಇವರನ್ನು ಆಶ್ರಯಿಸುವ ಪರಿಪಾಠ ಹೊಸದಲ್ಲ. ಆ ಜ್ಞಾನಕ್ಕೆ ಪ್ರತಿಯಾಗಿ ಏನು ಕೊಡಬೇಕು ಎಂಬ ಪ್ರಶ್ನೆ ಮಾತ್ರ ಹೊಸದು.

ಸ್ವಾತಂತ್ರ್ಯಾನಂತರದ ಕಥೆಗೆ ಬರೋಣ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಿತು. 1973ರಲ್ಲಿ ಹುಲಿ ಯೋಜನೆ ಆರಂಭವಾಯಿತು, ನಮ್ಮ ಬಂಡೀಪುರ ಮೊದಲ ಪಟ್ಟಿಯಲ್ಲಿಯೇ ಇತ್ತು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟವನ್ನು ವನ್ಯಧಾಮವೆಂದು ಘೋಷಿಸಲಾಯಿತು. 1987ರಲ್ಲಿ ಅದನ್ನು ವಿಸ್ತರಿಸಿದಾಗ ಅದರ ವಿಸ್ತೀರ್ಣ ಸುಮಾರು 540 ಚದರ ಕಿಲೋಮೀಟರ್ ಆಯಿತು. ಕಾಡು ಉಳಿಯಬೇಕೆಂಬ ಉದ್ದೇಶದಲ್ಲಿ ದೋಷವಿರಲಿಲ್ಲ. ಅಂದಿನ ದಿನಗಳಲ್ಲಿ ಮರಗಳ್ಳರ, ದಂತಚೋರರ ಹಾವಳಿ ಎಷ್ಟಿತ್ತೆಂಬುದನ್ನು ಆ ಪ್ರದೇಶದಲ್ಲಿ ಬೆಳೆದ ನಿಮಗೆ ನಾನು ಹೇಳಬೇಕಿಲ್ಲ. ಆದರೆ ಆ ಘೋಷಣೆಯೊಂದಿಗೆ ಸೋಲಿಗರ ಬದುಕಿನ ಮೂರು ಆಧಾರಗಳು ಒಮ್ಮೆಲೇ ಕಳಚಿದವು: ಬೇಟೆ ನಿಂತಿತು, ಜಾಗ ಬದಲಾಯಿಸುತ್ತ ರಾಗಿ ಬೆಳೆಯುವ ಬೇಸಾಯ ನಿಂತಿತು, ಕಾಡಿಗೆ ವರ್ಷಕ್ಕೊಮ್ಮೆ ಇಡುತ್ತಿದ್ದ ಬೆಂಕಿ ನಿಂತಿತು. ಚದುರಿ ಬದುಕುತ್ತಿದ್ದವರನ್ನು ಕರೆತಂದು ಒಂದೆಡೆ ನೆಲೆಗೊಳಿಸಲಾಯಿತು. 'ಪೋಡು' ಎಂದು ಕರೆಯುವ ಇಂತಹ ಸೋಲಿಗರ ಹಾಡಿಗಳು ಈ ಕಾಡಿನ ಒಳಗೂ ಅಂಚಿನಲ್ಲಿಯೂ 60ರಷ್ಟಿವೆ.

ಬೇಟೆ ನಿಂತದ್ದು ಸರಿಯೆಂದೇ ನನ್ನ ಅಭಿಪ್ರಾಯ. ಬೇಸಾಯದ ವಿಷಯದಲ್ಲಿ ವಾದವಿರಬಹುದು. ಮೂರನೆಯದಾದ ಬೆಂಕಿಯ ವಿಷಯವನ್ನು ಮಾತ್ರ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಈ ಲೇಖನದ ತಿರುಳು ಇರುವುದು ಅಲ್ಲಿಯೇ.

ಕಾಡಿಗೆ ಬೆಂಕಿ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಮರದೆತ್ತರದ ಜ್ವಾಲೆ. ಸೋಲಿಗರು ಇಡುತ್ತಿದ್ದುದು ಅದಲ್ಲ. ಅದಕ್ಕೆ ಅವರು 'ತರಗು ಬೆಂಕಿ' ಎನ್ನುತ್ತಾರೆ. ಹೆಸರೇ ಹೇಳುವಂತೆ ಅದು ತರಗೆಲೆಯನ್ನು ಮಾತ್ರ ಸುಡುವ ಬೆಂಕಿ. ಬಿರುಬೇಸಿಗೆ ಬರುವ ಮೊದಲೇ, ನೆಲದಲ್ಲಿ ಇನ್ನೂ ತೇವವಿರುವಾಗ ಇಡುವ ಬೆಂಕಿಯಾದ್ದರಿಂದ ಅದು ಮೊಣಕಾಲಿನ ಮಟ್ಟದಲ್ಲಿ ಹರಿದು ಆರಿಹೋಗುತ್ತದೆ. ಹೊಸ ಹುಲ್ಲು ಚಿಗುರುತ್ತದೆ, ಹುಲ್ಲಿಗೆ ಕಡವೆಯೂ ಕಾಡೆಮ್ಮೆಯೂ ಬರುತ್ತವೆ, ನೋಟಕ್ಕೆ ಕಾಡು ತೆರವಾಗಿರುತ್ತದೆ. ಏಪ್ರಿಲಿನಲ್ಲಿ ಅಕಸ್ಮಾತ್ ಕಿಡಿ ಬಿದ್ದರೂ ಉರಿಯಲು ಹೆಚ್ಚು ಸರಕಿರುವುದಿಲ್ಲ. ಹೀಗೆಂಬುದು ಅವರ ವಾದ. ಅರಣ್ಯ ಇಲಾಖೆಯ ದೃಷ್ಟಿಯಲ್ಲಿ, ಬ್ರಿಟಿಷರ ಕಾಲದಿಂದಲೂ, ಬೆಂಕಿಯೆಂದರೆ ಅಪರಾಧ. ತೇಗದ ಮರವನ್ನು ಹಣವಾಗಿ ಎಣಿಸುತ್ತಿದ್ದ ಕಾಲದಲ್ಲಿ ರೂಪುಗೊಂಡ ಆ ದೃಷ್ಟಿ ವನ್ಯಜೀವಿಗಳ ಕಾಲಕ್ಕೂ ಹಾಗೆಯೇ ಹರಿದುಬಂದಿತು.

ಬೆಂಕಿ ನಿಂತ ಮೇಲೆ ಎರಡು ಸಂಗತಿಗಳನ್ನು ಸೋಲಿಗರು ಕಂಡರು. ಒಂದು, ಲಂಟಾನ. ದಕ್ಷಿಣ ಅಮೆರಿಕದ ಕಡೆಯ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ತೋಟದ ಅಂದಕ್ಕೆಂದು ಕಲ್ಕತ್ತೆಗೆ ತಂದರು. ಅದು ತೋಟವನ್ನು ಬಿಟ್ಟು ದೇಶವನ್ನೇ ಹಿಡಿಯಿತು. ಬಿಳಿಗಿರಿಯಲ್ಲಿ ಅದು ಮನುಷ್ಯನ ತಲೆಯನ್ನು ಮೀರಿ ಬೆಳೆದು, ಹುಲ್ಲನ್ನು ನುಂಗಿ, ಸಸಿಗಳು ಮೇಲೇಳದಂತೆ ಮಾಡಿತು. ಎರಡನೆಯದು 'ಉಪ್ಪಿಲು'. ನಮ್ಮ ಕಡೆ ಮಾವಿನ ಮರದ ಮೇಲೆ ಬೆಳೆಯುವ ಬದನಿಕೆಯನ್ನು ನೀವೆಲ್ಲ ನೋಡಿರುವಿರಿ. ಅದೇ ಜಾತಿಯ ಪರಾವಲಂಬಿ ಬಿಳಿಗಿರಿಯಲ್ಲಿ ಕಾಡುನೆಲ್ಲಿಯ ಮರಗಳನ್ನು ಹಿಡಿಯಿತು. ಉಪ್ಪಿಲು ಹಿಡಿದ ಮರದಲ್ಲಿ ಕಾಯಿ ಕಡಿಮೆಯಾಗುತ್ತದೆ, ಕ್ರಮೇಣ ಮರವೇ ಸಾಯುತ್ತದೆ.

ನೆಲ್ಲಿಕಾಯಿ ಸೋಲಿಗರಿಗೆ ಸಣ್ಣ ವಿಷಯವಲ್ಲ. ಬೇಟೆ, ಬೇಸಾಯಗಳು ಹೋದ ಮೇಲೆ ಅವರ ಕೈಗೆ ಕಾಸು ಬರುತ್ತಿದ್ದುದು ಕಿರು ಅರಣ್ಯ ಉತ್ಪನ್ನಗಳಿಂದ: ಜೇನು, ನೆಲ್ಲಿ, ಸೀಗೆ, ಅಂಟುವಾಳ, ಕಲ್ಲುಹೂವು, ಮಾಗಳಿ ಬೇರು. ಲ್ಯಾಂಪ್ಸ್ ಎಂದು ಕರೆಯುವ ಗಿರಿಜನ ಸಹಕಾರ ಸಂಘಗಳು ಇವನ್ನು ಕೊಳ್ಳುತ್ತಿದ್ದವು. 1990ರ ದಶಕದ ಅಧ್ಯಯನಗಳ ಪ್ರಕಾರ ಸೋಲಿಗ ಕುಟುಂಬಗಳ ನಗದು ಆದಾಯದ ಅರ್ಧದಷ್ಟು ಇದರಿಂದಲೇ ಬರುತ್ತಿತ್ತು.

ಪಾಲುಗಾರಿಕೆ ಎಂಬ ಮಾತು ಈ ಚರಿತ್ರೆಯೊಳಗೆ ಬರುವುದು ಇಲ್ಲಿ. 1981ರಲ್ಲಿ ಡಾ. ಎಚ್. ಸುದರ್ಶನ್ ಅವರು ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬೆಟ್ಟದ ಮೇಲೆ ಆಸ್ಪತ್ರೆಯನ್ನೂ ಶಾಲೆಯನ್ನೂ ಕಟ್ಟಿತು. ಆ ಸೇವೆಗಾಗಿ 1994ರಲ್ಲಿ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿ ಬಂದುದು ನಿಮಗೆ ನೆನಪಿರಬಹುದು, ಸಾಮಾನ್ಯ ಜ್ಞಾನದ ಪರೀಕ್ಷೆಯಲ್ಲಿ ನಾನೇ ಕೇಳಿದ್ದ ಪ್ರಶ್ನೆ ಅದು. 1996ರಲ್ಲಿ ಸಸ್ಯವಿಜ್ಞಾನಿ ಕಮಲ್‌ಜಿತ್ ಬಾವಾ ಅವರು ಬೆಂಗಳೂರಿನಲ್ಲಿ ಏಟ್ರೀ ಎಂಬ ಸಂಶೋಧನಾ ಸಂಸ್ಥೆಯನ್ನು ಆರಂಭಿಸಿದರು. ಈ ಸಂಸ್ಥೆಗಳೂ ಸೋಲಿಗರೂ ಸೇರಿ ಜೇನನ್ನೂ ನೆಲ್ಲಿಯನ್ನೂ ಬೆಟ್ಟದ ಮೇಲೆಯೇ ಸಂಸ್ಕರಿಸಿ ಮಾರುವ ಪ್ರಯತ್ನ ಮಾಡಿದರು. ಕೊಯ್ಲಿಗೆ ಮೊದಲು ಮರಗಳಲ್ಲಿ ಕಾಯಿ ಎಷ್ಟಿದೆ, ಎಷ್ಟನ್ನು ಕಿತ್ತರೆ ಹಕ್ಕಿಗೂ ಜಿಂಕೆಗೂ ಮುಂದಿನ ಸಸಿಗೂ ಸಾಕಷ್ಟು ಉಳಿಯುತ್ತದೆ ಎಂದು ಸೋಲಿಗರೂ ವಿಜ್ಞಾನಿಗಳೂ ಜೊತೆಯಾಗಿ ಅಂದಾಜು ಮಾಡುವ ಪದ್ಧತಿ ಬಂದಿತು. ಕಾಡಿನಲ್ಲಿ ಇಂಥದೊಂದು ಲೆಕ್ಕ ನಡೆಯುತ್ತದೆಂದು ಕೇಳಿದಾಗ ನನಗೆ ಬಹಳ ಸಂತೋಷವಾಗಿತ್ತು.

ಉಪ್ಪಿಲಿನ ವಿಷಯದಲ್ಲಿ ಈ ಒಡನಾಟದ ಫಲ ಸ್ಪಷ್ಟವಾಗಿ ಕಂಡಿತು. ನೆಲ್ಲಿಯ ಮರಗಳು ಕುಗ್ಗುತ್ತಿರುವುದಕ್ಕೆ ಜನ ಅತಿಯಾಗಿ ಕಾಯಿ ಕೀಳುವುದೇ ಕಾರಣವಿರಬೇಕು ಎಂದು ಹೊರಗಿನಿಂದ ನೋಡುವವರು ಸುಲಭವಾಗಿ ತೀರ್ಮಾನಿಸುತ್ತಾರೆ. ಸೋಲಿಗರು ಹೇಳುತ್ತ ಬಂದದ್ದೇ ಬೇರೆ: ಬೆಂಕಿ ನಿಂತದ್ದರಿಂದ ಉಪ್ಪಿಲು ಹೆಚ್ಚಿತು, ಉಪ್ಪಿಲಿನಿಂದ ಮರ ಸಾಯುತ್ತಿದೆ. 2010ರಲ್ಲಿ 'ಇಕಾಲಜಿ ಅಂಡ್ ಸೊಸೈಟಿ' ಎಂಬ ಪತ್ರಿಕೆಯಲ್ಲಿ ಲೂಸಿ ರಿಸ್ಟ್, ಉಮಾಶಂಕರ್ ಮೊದಲಾದ ವಿಜ್ಞಾನಿಗಳು ಪ್ರಕಟಿಸಿದ ಲೇಖನ ಈ ಅರಿವನ್ನು ಗಂಭೀರವಾಗಿ ಪರಿಗಣಿಸಿತು. ಅಳತೆ ಪಟ್ಟಿ ಹಿಡಿದವರ ಕೆಲವೇ ವರ್ಷಗಳ ಅಂಕಿಅಂಶಗಳಿಗೆ ಸಿಗದ ಸಂಗತಿ, ತಲೆಮಾರುಗಳಿಂದ ಅದೇ ಮರಗಳ ಕೆಳಗೆ ನಡೆದವರಿಗೆ ತಿಳಿದಿತ್ತು. ಲಂಟಾನದ ವಿಷಯದಲ್ಲಿಯೂ ಹಾಗೆಯೇ. 1997ರಲ್ಲಿ ಅಳೆದಿದ್ದ ತಾಣಗಳನ್ನು 2008ರಲ್ಲಿ ಮತ್ತೆ ಅಳೆದಾಗ, ಲಂಟಾನ ಕಾಣಿಸುವ ತಾಣಗಳು ಹೆಚ್ಚುಕಡಿಮೆ ಎರಡು ಪಟ್ಟಾಗಿದ್ದವು, ಅದರ ದಟ್ಟಣೆ ಇನ್ನೂ ಹೆಚ್ಚಿನ ಪಟ್ಟು ಏರಿತ್ತು. ಸೋಲಿಗ ಹಿರಿಯರು ಇದನ್ನು ಅಳತೆಯಿಲ್ಲದೆಯೇ ಹೇಳಿದ್ದರು.

ನಾನು ಒಮ್ಮೆ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದಾಗ ದಾರಿ ತೋರಲು ಬಂದಿದ್ದ ಸೋಲಿಗ ಹಿರಿಯರೊಬ್ಬರು ಒಂದೇ ಗಂಟೆಯಲ್ಲಿ ನಾಲ್ಕು ಬಗೆಯ ಜೇನನ್ನು ಹೆಸರಿಸಿ, ಯಾವುದು ಬಂಡೆಗೆ, ಯಾವುದು ಪೊಟರೆಗೆ, ಯಾವುದು ಸಣ್ಣ ಕಡ್ಡಿಗೆ ಕಟ್ಟುತ್ತದೆ ಎಂದು ವಿವರಿಸಿದರು. ನಮ್ಮ ಜೀವಶಾಸ್ತ್ರದ ಅಧ್ಯಾಪಕರು ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ಆ ಪ್ರವಾಸಕ್ಕೆ ಬಂದಿದ್ದವರು ಇದನ್ನು ಓದುತ್ತಿದ್ದರೆ ಅವರ ಪುಟ್ಟ ಅಕ್ಷರಗಳನ್ನು ನೆನಪಿಸಿಕೊಳ್ಳಿ.

ಇರಲಿ. ಇಷ್ಟೆಲ್ಲ ಆದರೂ ಈ ಪಾಲುಗಾರಿಕೆಗೆ ಒಂದು ಮೂಲಭೂತ ದೌರ್ಬಲ್ಯವಿತ್ತು. ಕಾನೂನಿನ ಕಣ್ಣಿನಲ್ಲಿ ಸೋಲಿಗರಿಗೆ ಆ ಕಾಡಿನಲ್ಲಿ ಏನೂ ಇರಲಿಲ್ಲ. ನೆಲ್ಲಿ ಕೀಳುವುದೂ ಜೇನು ಇಳಿಸುವುದೂ ಇಲಾಖೆ ನೀಡಿದ ಸೌಲಭ್ಯವೇ ಹೊರತು ಹಕ್ಕಲ್ಲ. ಸೌಲಭ್ಯವನ್ನು ಕೊಟ್ಟವರು ಹಿಂತೆಗೆದುಕೊಳ್ಳಬಹುದು, ತೆಗೆದುಕೊಂಡೂ ಬಿಟ್ಟರು. 2002ರಲ್ಲಿ ವನ್ಯಜೀವಿ ಕಾಯ್ದೆಗೆ ಆದ ತಿದ್ದುಪಡಿಯನ್ನು ಆಧರಿಸಿ, ಕೆಲವೇ ವರ್ಷಗಳಲ್ಲಿ, ವನ್ಯಧಾಮದೊಳಗೆ ಮಾರಾಟಕ್ಕಾಗಿ ಕಿರು ಉತ್ಪನ್ನ ಸಂಗ್ರಹಿಸುವುದನ್ನು ನಿಷೇಧಿಸಲಾಯಿತು. ಹತ್ತು ವರ್ಷಗಳ ಜಂಟಿ ಲೆಕ್ಕಾಚಾರ, ಸಂಸ್ಕರಣಾ ಘಟಕ, ತರಬೇತಿ ಎಲ್ಲವೂ ಒಂದು ಆದೇಶದ ಮುಂದೆ ನಿಲ್ಲಲಿಲ್ಲ. ಅರ್ಧ ಆದಾಯ ಹೋದ ಮೇಲೆ ಯುವಕರು ಕಾಫಿ ತೋಟಗಳ ಕಡೆಗೆ ಕೂಲಿಗೆ ಹೊರಟರು. ಕಾಡಿನಲ್ಲಿ ನಡೆದು ಕಲಿಯಬೇಕಾದ ವಯಸ್ಸಿನವರು ಕಾಡಿನಿಂದಲೇ ದೂರವಾದರೆ ಆ ಜ್ಞಾನ ಯಾರ ಬಳಿ ಉಳಿದೀತು? ಇದನ್ನು ನಾನು ಕಾಡಿನ ನಷ್ಟವೆಂದೇ ಎಣಿಸುತ್ತೇನೆ.

2006ರ ಡಿಸೆಂಬರಿನಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆಯನ್ನು ಅಂಗೀಕರಿಸಿತು. 2008ರ ಜನವರಿಯಿಂದ ಅದರ ನಿಯಮಗಳು ಜಾರಿಗೆ ಬಂದವು. ಈ ಕಾಯ್ದೆಯಲ್ಲಿ ಸಾಗುವಳಿ ಭೂಮಿಯ ವೈಯಕ್ತಿಕ ಹಕ್ಕಿನ ವಿಷಯ ಪತ್ರಿಕೆಗಳಲ್ಲಿ ಬಹಳ ಚರ್ಚೆಯಾಯಿತು. ಅದಕ್ಕಿಂತ ಮುಖ್ಯವಾದುದು ಸಮುದಾಯದ ಹಕ್ಕು. ಕಿರು ಉತ್ಪನ್ನಗಳನ್ನು ಸಂಗ್ರಹಿಸಿ ಮಾರುವ ಹಕ್ಕು ಮಾತ್ರವಲ್ಲದೆ, ತಾವು ಪಾರಂಪರಿಕವಾಗಿ ಕಾಪಾಡಿಕೊಂಡು ಬಂದ ಕಾಡನ್ನು ರಕ್ಷಿಸುವ, ಪುನಶ್ಚೇತನಗೊಳಿಸುವ, ನಿರ್ವಹಿಸುವ ಹಕ್ಕನ್ನೂ ಅದು ಗ್ರಾಮಸಭೆಗೆ ನೀಡಿತು. ರಕ್ಷಣೆಯನ್ನು ಕರ್ತವ್ಯವೆಂದು ಎಲ್ಲ ಕಾನೂನುಗಳೂ ಹೇಳುತ್ತವೆ, ಇದು ಅದನ್ನು ಹಕ್ಕೆಂದೂ ಕರೆಯಿತು. ಸೂಕ್ಷ್ಮವಾದರೂ ದೊಡ್ಡ ವ್ಯತ್ಯಾಸ.

ಆದರೆ ಹಕ್ಕನ್ನು ಕೇಳಲು ಪುರಾವೆ ಬೇಕು. ಶಾಸನವಿಲ್ಲ, ಕಡತವಿಲ್ಲ, ಕಂದಾಯದ ರಸೀದಿಯಿಲ್ಲದ ಜನ ಪುರಾವೆಯನ್ನು ಎಲ್ಲಿಂದ ತರಬೇಕು? ಇತಿಹಾಸದ ಮೇಷ್ಟರಾದ ನನಗೆ ಅತ್ಯಂತ ಸ್ವಾರಸ್ಯವೆನಿಸಿದ ಭಾಗ ಇದು. ಸೋಲಿಗರ ಪ್ರತಿಯೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ 'ಎಲ್ಲೆ' ಇದೆ. ಆ ಎಲ್ಲೆಯೊಳಗೆ ದೇವರ ತಾಣ, ಮಾರಮ್ಮನ ತಾಣ, ವೀರುವಿನ ತಾಣ, ಸತ್ತವರ ನೆನಪಿನ ಕಲ್ಲುಗುಡಿ, ನೀರಿನ ಅಬ್ಬಿ ಇರುತ್ತವೆ. ಏಟ್ರೀಯ ಸಂಶೋಧಕರು ಸೋಲಿಗ ಹಿರಿಯರ ಜೊತೆಯಲ್ಲಿ ನಡೆದು ಇಂತಹ ನೂರಾರು ತಾಣಗಳನ್ನು ಜಿಪಿಎಸ್ ಉಪಕರಣದಿಂದ ಗುರುತಿಸಿ ನಕಾಶೆ ತಯಾರಿಸಿದರು. ಈ ಕೆಲಸದಲ್ಲಿ ಮುಂದಿದ್ದವರಲ್ಲಿ ಡಾ. ಸಿ. ಮಾದೇಗೌಡರೂ ಒಬ್ಬರು. ಅವರೇ ಸೋಲಿಗ ಸಮುದಾಯದವರು, ಡಾಕ್ಟರೇಟ್ ಪಡೆದ ಸಂಶೋಧಕರು. ಸರ್ಕಾರಿ ನಕಾಶೆಯಲ್ಲಿ ಬರಿಯ ಹಸಿರು ಬಣ್ಣವಿದ್ದ ಜಾಗ ಹೆಸರುಗಳಿಂದ ತುಂಬಿತು. ನಾವು ತಾಮ್ರಪಟವನ್ನು ಓದುವಂತೆ ಅವರು ಬೆಟ್ಟವನ್ನು ಓದಿ ತೋರಿಸಿದರು.

2011ನೆಯ ಇಸವಿ ಬಿಳಿಗಿರಿಯ ಚರಿತ್ರೆಯಲ್ಲಿ ಎರಡು ಬಾರಿ ಗುರುತಿಸಬೇಕಾದ ವರ್ಷ. ಜನವರಿಯಲ್ಲಿ ಸರ್ಕಾರ ಇದನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ತಮ್ಮ ಗ್ರಾಮಸಭೆಗಳನ್ನು ಕೇಳದೆ ಇದನ್ನು ಮಾಡಲಾಗಿದೆಯೆಂದು ಸೋಲಿಗರು ಪ್ರತಿಭಟಿಸಿದರು. ಮತ್ತೆ ಒಕ್ಕಲೆಬ್ಬಿಸುವರೆಂಬ ಭಯ ಹರಡಿತು. ಆದರೆ ಅದೇ ವರ್ಷದ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಪತ್ರಗಳನ್ನು ನೀಡಲಾಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಇಂತಹ ಹಕ್ಕುಪತ್ರ ದೊರೆತದ್ದು ದೇಶದಲ್ಲಿ ಅದೇ ಮೊದಲು. ಜಿಲ್ಲಾ ಬುಡಕಟ್ಟು ಗಿರಿಜನ ಅಭಿವೃದ್ಧಿ ಸಂಘದ ಹಲವು ವರ್ಷಗಳ ಓಡಾಟ ಅದರ ಹಿಂದಿತ್ತು.

ಈಗ ನನ್ನ ಶಿಷ್ಯನ ಎರಡನೆಯ ಮಾತಿಗೆ ಬರುತ್ತೇನೆ: ಜನರಿದ್ದರೆ ಹುಲಿ ಉಳಿಯುತ್ತದೆಯೇ? ಪ್ರಕಟವಾದ ಅಂಕಿಗಳ ಪ್ರಕಾರ ಬಿಳಿಗಿರಿಯಲ್ಲಿ 2010ರಲ್ಲಿ 35ರಷ್ಟಿದ್ದ ಹುಲಿಗಳು 2014ರ ವೇಳೆಗೆ 68 ಆದವು. ಸೋಲಿಗರ ಪರವಾಗಿ ಮಾತನಾಡುವವರು ಈ ಅಂಕಿಯನ್ನು ಹೆಮ್ಮೆಯಿಂದ ಉಲ್ಲೇಖಿಸುತ್ತಾರೆ. ನಾನು ಅಷ್ಟು ದೂರ ಹೋಗಲಾರೆ. ಹುಲಿಯ ಎಣಿಕೆಯ ವಿಧಾನಗಳು ಕಾಲಕಾಲಕ್ಕೆ ಬದಲಾಗುತ್ತವೆ, ಹುಲಿಗಳು ನೆರೆಯ ಸತ್ಯಮಂಗಲದ ಕಾಡಿಗೂ ಹೋಗಿ ಬರುತ್ತವೆ, ಇಲಾಖೆಯ ಕಾವಲುಗಾರರ ಶ್ರಮವನ್ನು ಮರೆಯುವುದು ಅನ್ಯಾಯವಾಗುತ್ತದೆ. ನಾಲ್ಕು ವರ್ಷದ ಏರಿಕೆಯ ಶ್ರೇಯಸ್ಸನ್ನೆಲ್ಲ ಒಂದು ಹಕ್ಕುಪತ್ರಕ್ಕೆ ಕಟ್ಟುವುದು ಸರಿಯಾದ ತರ್ಕವಲ್ಲ. ಆದರೆ ಜನರಿದ್ದರೆ ಹುಲಿ ಅಳಿಯುತ್ತದೆ ಎಂಬ ವಾದವನ್ನು ಸುಳ್ಳು ಮಾಡಲು ಆ ಅಂಕಿ ಧಾರಾಳವಾಗಿ ಸಾಕು. ಎಲ್ಲ ಜನರೂ ಎಲ್ಲ ಕಾಡುಗಳಿಗೂ ಹೀಗೆಯೇ ಎಂದು ನಾನು ಹೇಳುತ್ತಿಲ್ಲ. ಬಿಳಿಗಿರಿಯ ಮಟ್ಟಿಗೆ ಮಾತ್ರ ಹೇಳುತ್ತಿದ್ದೇನೆ.

2022ರ ಡಿಸೆಂಬರಿನಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಸೇರಿದ ವಿಶ್ವದ ರಾಷ್ಟ್ರಗಳು, 2030ರೊಳಗೆ ಭೂಮಿಯ ಮೇಲಿನ ಶೇಕಡ 30 ಭಾಗವನ್ನು ಸಂರಕ್ಷಿಸಬೇಕೆಂದೂ ಅದರಲ್ಲಿ ಮೂಲನಿವಾಸಿಗಳ ಹಕ್ಕುಗಳನ್ನು ಗೌರವಿಸಬೇಕೆಂದೂ ಒಪ್ಪಿದವು. ಅದೇ ವರ್ಷ ಏಟ್ರೀಯ ಕೀಟವಿಜ್ಞಾನಿಗಳು ಬಿಳಿಗಿರಿಯಲ್ಲಿ ಸಿಕ್ಕ ಹೊಸ ಕಣಜವೊಂದಕ್ಕೆ 'ಸೋಲಿಗ ಎಕರಿನೇಟ' ಎಂದು ನಾಮಕರಣ ಮಾಡಿದರು. ಸ್ಯಾಂಡರ್ಸನ್ನನ ಕಾಲದ ಜಾಡುಗಾರರಿಗೆ ಸಿಗದ ಗೌರವ ಅವರ ಮೊಮ್ಮಕ್ಕಳ ಮೊಮ್ಮಕ್ಕಳಿಗೆ ಒಂದು ಕಣಜದ ಮೂಲಕ ಸಂದಿತು. ನನಗೆ ನಗುವೂ ಬಂದಿತು, ಸಂತೋಷವೂ ಆಯಿತು.

ಬೆಂಕಿಯ ಪ್ರಶ್ನೆ ಮಾತ್ರ ಇತ್ಯರ್ಥವಾಗಿಲ್ಲ. ತರಗು ಬೆಂಕಿ ನಡೆಯುತ್ತಿದ್ದುದು ಹುಲ್ಲಿನ ನೆಲದ ಮೇಲೆ. ಈಗ ಅಲ್ಲಿ ಆಳೆತ್ತರದ ಲಂಟಾನವಿದೆ. ಅದಕ್ಕೆ ಬೆಂಕಿ ತಗುಲಿದರೆ ನೆಲದಲ್ಲಿ ನಿಲ್ಲದೆ ಮರದ ತಲೆಗೇರುತ್ತದೆ. ಆದ್ದರಿಂದ ಹಳೆಯ ಪದ್ಧತಿಯನ್ನು ನಾಳೆಯೇ ಮರಳಿ ತರಲು ಸಾಧ್ಯವಿಲ್ಲ, ಮೊದಲು ಲಂಟಾನವನ್ನು ಬೇರುಸಹಿತ ತೆಗೆಯಬೇಕು. ಅದು ದುಡ್ಡಿನ, ಕೈಗಳ, ತಾಳ್ಮೆಯ ಕೆಲಸ. ಪಕ್ಕದ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಮಾಡಲು ಕಲಿತಿದ್ದಾರೆ. ಒಳ್ಳೆಯ ಕಸುಬು, ಆದರೆ ಎಷ್ಟು ಕುರ್ಚಿ ಮಾಡಿದರೆ ಕಾಡು ತೆರವಾದೀತು! ಕಾನೂನಿನಂತೆ ಕಾಡಿಗೆ ಬೆಂಕಿಯಿಡುವುದು ಇಂದಿಗೂ ಅಪರಾಧವೇ. ಪ್ರತಿವರ್ಷ ಬೇಸಿಗೆ ಸಮೀಪಿಸಿದಾಗ ಅರಣ್ಯ ಇಲಾಖೆ ಬೆಂಕಿ ರೇಖೆಗಳನ್ನು ತೆಗೆಸಿ, ಕಾಡನ್ನು ಕಾಯಲು ದಿನಗೂಲಿಯ ಮೇಲೆ ಬೆಂಕಿ ಕಾವಲುಗಾರರನ್ನು ನೇಮಿಸುತ್ತದೆ. ಬಿಳಿಗಿರಿಯಲ್ಲಿ ಆ ಕೆಲಸಕ್ಕೆ ಬರುವವರಲ್ಲಿ ಸೋಲಿಗರೂ ಇದ್ದಾರೆ.

ಸ್ಯಾಂಡರ್ಸನ್ನನ ಖೆಡ್ಡಾದ ಕಥೆ ಉದ್ದವಾದುದು, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.